ಉಲ್ಟಾ ತೋರಿಸಿದ ಕನ್ನಡಿ

ತಮ್ಮ ನನ್ನ ಕೈಲಿ ತರಿಸಿದ್ದು ಒಂದೇ ಒಂದು ಸಾಮಾನು. ಅದನ್ನೂ ನಾನು ಸರಿಯಾಗಿ ತಂದುಕೊಡಲಿಲ್ಲ. ತಪ್ಪು ತಂದಿದ್ದೇನೆಂದು ತಿಳಿದ ಮೇಲಾದರೂ ಬದಲಾಯಿಸಬಹುದಿತ್ತು, ಬದಲಾಯಿಸಲಿಲ್ಲ.

ವಡಪಳನಿಯಲ್ಲಿ ತಾರಸಿಯ ಮೇಲಿನ ಒಂದೇ ಕೋಣೆ ನಮ್ಮದು. ನಾನು ಸಿನಿಮಾದವರಿಗೆ ಬಟ್ಟೆ ಹೊಲಿಯುತ್ತೇನೆ. ಸ್ಟುಡಿಯೋದಲ್ಲಿ ಲೈಟು ಕಟ್ಟುತ್ತಿದ್ದ ತಮ್ಮ ಮೇಲಿನಿಂದ ಬಿದ್ದು ಕುತ್ತಿಗೆಗೆ ಪ್ಲೇಟು ಹಾಕಿಸಿಕೊಂಡ. ಅಂದಿನಿಂದ ಅವನ ತಲೆ ಹಿಂದಕ್ಕೆ ಬಾಗುವುದಿಲ್ಲ, ಕಬ್ಬಿಣದ ಸುರುಳಿ ಮೆಟ್ಟಿಲು ಇಳಿಯಲೂ ಆಗದು. ಕೋಣೆ, ತಾರಸಿ, ಅಷ್ಟೇ ಅವನ ಊರು. ಜೊತೆಯ ಕೆಲಸಗಾರರು ಒಂದು ಹಳೆಯ ಟೆಲಿಸ್ಕೋಪು ತಂದುಕೊಟ್ಟರು. ಕಣ್ಣಿಡುವ ಕಡೆ ಸಿಕ್ಕಿಸುವ ಬಾಗಿದ ತುಂಡು ಮಾತ್ರ ಇರಲಿಲ್ಲ. ಅದಿಲ್ಲದೆ ನೋಡಬೇಕೆಂದರೆ ಕೊಳವೆಯ ಕೆಳಗೆ ಕೂತು ತಲೆ ಎತ್ತಬೇಕು.

“ಸ್ಟಾರ್ ಡಯಾಗನಲ್ ಅಂತ ಕೇಳಕ್ಕಾ. ತೊಂಬತ್ತು ಡಿಗ್ರೀದು. ತೊಂಬತ್ತು, ಮರೀಬೇಡ.”

“ಏಳನೇ ಕ್ಲಾಸಿಗೇ ಬಿಟ್ಟೋಳು ಅಂತ ಎರಡೆರಡು ಸಲ ಹೇಳ್ತೀಯೇನೋ?” ಎಂದು ರೇಗಿ ಹೊರಟೆ.

ಪ್ಯಾರೀಸ್ ಕಾರ್ನರ್‌ನ ಟೆಲಿಸ್ಕೋಪಿನ ಅಂಗಡಿಯವರು ಎರಡು ತುಂಡು ತೆಗೆದಿಟ್ಟರು. ಒಂದು ಗೋಡೆಯ ಮೂಲೆಯಂತೆ ಪೂರ್ತಿ ಬಾಗಿದ್ದು, ಇನ್ನೊಂದು ಅದರ ಅರ್ಧ. ಅವರದೇ ಟೆಲಿಸ್ಕೋಪಿಗೆ ಸಿಕ್ಕಿಸಿ ಎದುರಿನ ಬೋರ್ಡು ನೋಡಿದೆ. ಮೊದಲನೆಯದರಲ್ಲಿ ಅಕ್ಷರಗಳು ಪ್ರಿಂಟು ಬಟ್ಟೆಯ ಒಳಮೈಯಂತೆ ಎಡಬಲ ತಿರುಗಿದ್ದವು. ಎರಡನೆಯದರಲ್ಲಿ ನೆಟ್ಟಗಿದ್ದವು. ಮೊದಲಿನದು ಕೆಟ್ಟಿದೆ ಎಂದೆ.

“ಇಲ್ಲಮ್ಮಾ, ಸ್ಟಾರ್ ಪಾಕ್ಕ ಇದುದಾನ್ ನಲ್ಲದು,” ಎಂದರು ಅಂಗಡಿಯವರು ತಮಿಳಿನಲ್ಲಿ.

ನಕ್ಷತ್ರ ನೋಡಲು ಅದೇ ಒಳ್ಳೆಯದಂತೆ! ಮಾರಾಟವಾಗದ್ದನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಯಾವುದು ಎಷ್ಟು ಡಿಗ್ರಿ ಎಂದು ಕೇಳಲು ನಾಚಿಕೆಯಾಯಿತು. ನೆಟ್ಟಗೆ ತೋರಿಸಿದ್ದನ್ನೇ ತಂದೆ.

ಸಂಜೆ ಅರ್ಧ ಚಂದ್ರ ನೆತ್ತಿಯ ಮೇಲಿದ್ದ. ತಮ್ಮ ಕುರ್ಚಿಯಲ್ಲಿ ಜಾರಿದ, ಒರಗಿದ, ಹಲ್ಲು ಕಚ್ಚಿದ. ಅರ್ಧವಷ್ಟೇ ಬಾಗಿದ ಆ ತುಂಡಿಗೆ ತಲೆ ಎತ್ತದೆ ಕಣ್ಣು ಮುಟ್ಟಲಿಲ್ಲ.

“ಇದು ನಲವತ್ತೈದರದು ಕಣಕ್ಕಾ. ತೊಂಬತ್ತರದು ಇರ್ಲಿಲ್ವಾ?”

“ಅದು ದಪ್ಪ ಕೊಳವೆಗಷ್ಟೇ ಬರುತ್ತಂತೆ. ನಿನ್ನದಕ್ಕೆ ಹಿಡಿಯಲ್ವಂತೆ,” ಎಂದುಬಿಟ್ಟೆ.

ಅಕ್ಕ ಹೇಳಿದ್ದಲ್ಲವೇ, ನಂಬಿದ. ಬದಲಾಯಿಸಿ ತಂದರೆ ಸುಳ್ಳು ಬಯಲಾಗುತ್ತದೆ. ತರದಿದ್ದರೆ ಅವನಿಗೆ ಚಂದ್ರನಿಲ್ಲ. ಟೆಲಿಸ್ಕೋಪಿಗೆ ಅವನು ನನ್ನ ಹಳೆಯ ಸೀರೆ ಹೊದಿಸಿದ. ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತಿದರೆ ಎದುರಿಗೆ ಅದು, ಚಾಪೆ ಹಾಸಿದರೆ ಕಾಲ ಬಳಿ ಅದು. ಲೇಸು ತರಲು ಆ ಬೀದಿಗೇ ಹೋಗಬೇಕು. ಅಂಗಡಿಯ ಎದುರು ಬದಿಯಲ್ಲಿ, ಮುಖ ತಿರುಗಿಸಿಕೊಂಡು ನಡೆಯುತ್ತಿದ್ದೆ.

ಮೊನ್ನೆ ಸಂಜೆ, ಗಿರಾಕಿಗಳಿಗೆಂದು ಇಟ್ಟ ಕನ್ನಡಿ ಕಾಣಲಿಲ್ಲ. ಹುಡುಕುತ್ತ ತಾರಸಿಗೆ ಬಂದೆ. ತಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ತಗ್ಗಿಸಿ ಕೂತಿದ್ದ. ಕನ್ನಡಿಯೊಳಗೆ ಚಂದ್ರನಿದ್ದ.

“ಎಡಗಡೆದು ಬಲಗಡೆ ಕಾಣುತ್ತೆ, ಅಷ್ಟೇ ಕಣಕ್ಕಾ,” ಎಂದು ನಕ್ಕ. “ಚಂದ್ರನ ಮೇಲೆ ಅಕ್ಷರ ಬರ್ದಿದೆಯಾ, ಓದೋಕೆ?”

ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

“ನಿನ್ನದಕ್ಕೆ ಹಿಡಿಯೋ ತೊಂಬತ್ತರದು ಇತ್ತು ಕಣೋ ಅಂಗಡೀಲಿ. ಕೈಯಲ್ಲಿ ಹಿಡ್ದು ವಾಪಸ್ ಕೊಟ್ಟೆ. ಆಮೇಲೆ ನಿನ್ನ ಹತ್ರ ಸುಳ್ಳು ಹೇಳ್ದೆ. ತಪ್ಪಾಯ್ತು ಕಣೋ, ನನ್ನಿಂದ ತಪ್ಪಾಯ್ತು.”