ಒಬ್ಬನ ಗ್ಲಾಸಿನಲ್ಲಿ ಮಾತ್ರ ಹುಳಿಯಾದ ವೈನ್

ಶಕುನ, ದೃಷ್ಟಿ ಎಂದು ಯಾರಾದರೂ ಶುರು ಮಾಡಿದರೆ ‘ನಿಮಗೆ ಬೇರೆ ಕೆಲಸ ಇಲ್ಲವಾ’ ಎಂದು ಎದ್ದು ಹೋಗುತ್ತಿದ್ದವನು ನಾನು. ಈಗ ನಾನೇ ಹೇಳಲು ಕೂತಿದ್ದೇನೆ. ನಂಬಲೇಬೇಕೆಂಬ ಒತ್ತಾಯವೇನೂ ಇಲ್ಲ.

ತೊಂಬತ್ತರ ದಶಕದ ಕೊನೆ. ಕುವೈತಿನ ಒಂದು ಖಾಸಗಿ ಆಸ್ಪತ್ರೆಯ ಸ್ಟೋರಿನಲ್ಲಿ ನನಗೆ ಕೆಲಸ. ಅಬ್ಬಾಸಿಯಾ ಬಡಾವಣೆಯ ರೂಮಿನಲ್ಲಿ ನನ್ನ ಜೊತೆಗಿದ್ದವನು ಡೆನ್ನಿಸ್. ಮಂಗಳೂರಿನಲ್ಲಿ ಒಂದೇ ಇಗರ್ಜಿಯವರು, ಇಲ್ಲಿ ಒಂದೇ ಸ್ಟೋರಿನವರು. ಅವನಿಗೆ ಆ ಕೆಲಸ ಕೊಡಿಸಿದ್ದೂ ನಾನೇ. ಸೂಪರ್‌ವೈಸರ್ ಹುದ್ದೆ ನನಗೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಅದು ಸಿಕ್ಕರೆ ಫ್ಯಾಮಿಲಿ ವೀಸಾ. ಊರಿನಲ್ಲಿದ್ದ ಹೆಂಡತಿ, ನಾನಿನ್ನೂ ಮುಖವನ್ನೇ ನೋಡಿರದ ಮಗಳು ನನ್ನ ಬಳಿಗೆ ಬರಬಹುದಿತ್ತು.

ಆ ಖುಷಿಗೆ ಒಂದು ಶುಕ್ರವಾರ ಮಧ್ಯಾಹ್ನ ಕೋಳಿ ಸುಕ್ಕ ಮಾಡಿದೆ. ನಮ್ಮ ಆಸ್ಪತ್ರೆಯ ಎಕ್ಸ್‌ರೇ ಯಂತ್ರ ರಿಪೇರಿ ಮಾಡುತ್ತಿದ್ದ ಬಲ್ಗೇರಿಯಾದ ಸ್ಟೆಫಾನ್ ದಾಳಿಂಬೆ ಜ್ಯೂಸಿನ ಬಾಟಲಿ ಹಿಡಿದು ಬಂದ. ಒಳಗಿದ್ದದ್ದು ಜ್ಯೂಸಲ್ಲ. ಅವನ ಸೀಮೆಯದೇ ಆದ, ಮಾವ್ರುದ್ ಎಂಬ ಕಪ್ಪು ದ್ರಾಕ್ಷಿಯಿಂದ ಅವನಜ್ಜಿ ಮನೆಯಲ್ಲೇ ಮಾಡಿದ ಕೆಂಪು ವೈನ್. ಮದ್ಯದ ಹೆಸರೆತ್ತಿದರೇ ಜೈಲು ಎನ್ನುವ ದೇಶಕ್ಕೆ ರಜೆಯಿಂದ ಮರಳುವಾಗ ಹೇಗೆ ತಂದನೋ ಪುಣ್ಯಾತ್ಮ! ಬಾಗಿಲಿಗೆ ಚಿಲಕ ಹಾಕಿ, ನಾನೇ ತೊಳೆದ ಚಹಾ ಗ್ಲಾಸುಗಳಿಗೆ ಸುರಿದೆವು.

ನನಗೆ ನೇರಳೆ ಹಣ್ಣು ತಿಂದ ಹಾಗಾಯಿತು. ಡೆನ್ನಿಸ್ ಮುಖ ಸಿಂಡರಿಸಿದ. “ಎಂತ ಮಾರಾಯ ಇದು, ವಿನೆಗರ್ ಅಲ್ವಾ!”

ಅವನ ಗ್ಲಾಸಿನಿಂದ ನಾನೂ ಕುಡಿದು ನೋಡಿದೆ. ವಿನೆಗರೇ. ಬೇರೆ ಗ್ಲಾಸಿಗೆ ನನ್ನದರಿಂದಲೇ ಸುರಿದು ಕೊಟ್ಟೆ. ಅವನು ಒಂದು ಗುಟುಕು ಕುಡಿದು ಕೆಳಗಿಟ್ಟ. ರುಚಿ ನೋಡಿದರೆ ಅದೂ ಹುಳಿ! ನನ್ನ ಗ್ಲಾಸಿನಲ್ಲಿ ಉಳಿದದ್ದು ಮಾತ್ರ ಮೊದಲಿನಂತೆಯೇ ಇತ್ತು.

ಡೆನ್ನಿಸ್ ಬಾಯಿ ತೊಳೆಯಲು ಹೋದ. ಸ್ಟೆಫಾನನ ಮುಖ ಬಿಳಿಚಿಕೊಂಡಿತ್ತು. “ವೈನ್ ಯಾರ ಕೈಯಲ್ಲಿ ಹುಳಿಯಾಗುತ್ತದೋ ಅವರ ಮನಸ್ಸೂ ಹುಳಿಯಂತೆ. ಇಂಥವರನ್ನು ನಮ್ಮಜ್ಜಿ ಪೀಪಾಯಿಯ ಹತ್ತಿರವೂ ಬಿಡುತ್ತಿರಲಿಲ್ಲ,” ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ನಾನು ನಕ್ಕೆ. “ಹಾಗಾದರೆ ಇವನ ಹತ್ತಿರ ಹುಷಾರಾಗಿರಬೇಕಾ?” ಎಂದು ಕೇಳಿದೆ. ಅವನು ಬಾಯಿಬಿಡದೆ ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದ. ಇಲ್ಲ ಎಂದನಲ್ಲ, ನನಗೆ ಸಮಾಧಾನವಾಯಿತು.

ವಾರ ಕಳೆಯುವುದರೊಳಗೆ ಮ್ಯಾನೇಜರ್ ಕರೆದರು. “ರೂಮಿನಲ್ಲಿ ಮದ್ಯ ಇಟ್ಟುಕೊಂಡಿದ್ದೀಯಂತೆ. ನಿನ್ನ ಊರಿನ ಗೆಳೆಯನೇ ಹೇಳಿದ. ಪೊಲೀಸರಿಗೆ ತಿಳಿಸುವುದಿಲ್ಲ. ಆದರೆ ಆ ಹುದ್ದೆ, ಖಲಾಸ್.” ಬಾಟಲಿ ತಂದವನ ಹೆಸರನ್ನು ಡೆನ್ನಿಸ್ ಹೇಳಿರಲಿಲ್ಲ, ನನ್ನದೊಂದನ್ನೇ ಹೇಳಿದ್ದ. ನನ್ನ ಕೈಯ ಅನ್ನ ಉಂಡ ಬಾಯಿ ಅದು! ಹುದ್ದೆ ಅವನಿಗೇ ಹೋಯಿತು. ಕೆಲವು ತಿಂಗಳಲ್ಲಿ ಫ್ಯಾಮಿಲಿ ವೀಸಾದಲ್ಲಿ ಹೆಂಡತಿ ಬಂದಳು. ನನ್ನವಳಲ್ಲ, ಅವನವಳು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸ್ಟೆಫಾನ್ ಕಾಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೋದ. ಎಷ್ಟೋ ವರ್ಷಗಳ ಮೇಲೆ ಕುವೈತಿನದೇ ಅಹ್ಮದಿ ಪಟ್ಟಣದಲ್ಲಿ ಪರಿಚಯವಾದ ಇನ್ನೊಬ್ಬ ಬಲ್ಗೇರಿಯಾದವನು ಏನೋ ಮಾತಿನ ನಡುವೆ ಹೇಳಿದ: ಅವರಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ.

ತಲೆ ಆಡಿಸಿದ್ದರ ಅರ್ಥವೇನೋ ಸಿಕ್ಕಿತು. ಒಂದೇ ಬಾಟಲಿಯ ವೈನ್ ಒಬ್ಬನ ಗ್ಲಾಸಿನಲ್ಲಿ ಮಾತ್ರ ಹೇಗೆ ಕೆಟ್ಟಿತು ಎಂಬುದು ಮಾತ್ರ ಇಂದಿಗೂ ತಿಳಿದಿಲ್ಲ. ಕೆಮಿಸ್ಟ್ರಿ ಓದಿದವರನ್ನೂ ಕೇಳಿದೆ, ನಕ್ಕುಬಿಟ್ಟರು. ‘ಹೌದು, ಹುಷಾರಾಗಿರು’ ಎಂದು ಸ್ಟೆಫಾನ್ ತಲೆ ಆಡಿಸಿದ ಆ ಗಳಿಗೆಯಲ್ಲಿ ನಾನೂ ನಗುತ್ತಲೇ ಇದ್ದೆ. ಬಾಯಿ ತೊಳೆದು ಬಂದ ಡೆನ್ನಿಸನ ತಟ್ಟೆಗೆ ಇನ್ನೊಂದು ತುಂಡು ಕೋಳಿ ಬಡಿಸಿದೆ.