ಬಣ್ಣ ತುಂಬುವ ಹಾಳೆಗಳ ಆಪಾ

ಊರಿಗೆಲ್ಲ ಅಕ್ಕನಾಗಿದ್ದ ಆಪಾ ಅವರ ಬಲಗೈ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇರಲಿಲ್ಲ. ಕಾಗದದ ಮಿಲ್ಲಿನಲ್ಲಿ ವರ್ಷಗಟ್ಟಲೆ ಹಾಳೆ ಎಣಿಸಿ, ಆರಿಸಿ ಅದು ಕಾಳಿ ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಮ್ಮೆಯೂ ಒಪ್ಪಲಿಲ್ಲ. ಆದರೆ ಅದೇ ಬೆರಳಿನಿಂದ ಹಾಳೆಯನ್ನು ಸವರಿ, ಯಾವ ಬದಿ ಒರಟು, ಯಾವುದು ನುಣುಪು ಎಂದು ತಕ್ಷಣ ಹೇಳುತ್ತಿದ್ದರು.

"ಕ್ರೇಯಾನ್ ಒರಟು ಬದಿಗೆ ಹಿಡೀತೈತಿ ಸಾಹೇಬ್ರ. ನುಣುಪಿನ ಮ್ಯಾಲೆ ಜಾರ್ತೈತಿ. ಆಮ್ಯಾಲೆ ಹುಡುಗರು ತಮ್ಮ ಕೈನ ಸರಿ ಇಲ್ಲ ಅನ್ಕೋತಾವ" ಎಂದು ನನಗೆ ವಿವರಿಸುತ್ತಿದ್ದರು.

ಬಂಗೂರನಗರದಲ್ಲಿ ಅವರದು ಸಣ್ಣ ಝೆರಾಕ್ಸ್ ಅಂಗಡಿ. ಮಕ್ಕಳಿಗೆಲ್ಲ ಹುಚ್ಚು ಹಿಡಿಸಿದ್ದ, ಮುಳ್ಳುಗೂದಲಿನ ಜಪಾನಿ ಕಾರ್ಟೂನ್ ವೀರನೊಬ್ಬನನ್ನು ಯಾವುದೋ ಶಾಲೆಚೀಲದ ಮೇಲೆ ನೋಡಿ ಅವರು ಕೈಯಲ್ಲೇ ಬರೆದುಕೊಂಡು, ಮಕ್ಕಳು ಬಣ್ಣ ತುಂಬಲೆಂದು ಪ್ರತಿ ತೆಗೆದಿಡುತ್ತಿದ್ದರು. ತೀರ ಚಿಕ್ಕವರಿಗೆ ಬರೀ ಮುಖ, ಬೆರಳಗಲದ ಕಪ್ಪು ಗೆರೆ. ಸ್ವಲ್ಪ ದೊಡ್ಡವರಿಗೆ ಬೆಲ್ಟು, ಬೂಟು ಸಮೇತ ಇಡೀ ಆಳು. ಇನ್ನೂ ದೊಡ್ಡವರಿಗೆ ಹಾರುವ ಮೇಲಂಗಿ, ಬಂಡೆ, ಮೋಡ, ಎಳೆಎಳೆಯಾದ ಕೂದಲು. ಎಲ್ಲವೂ ಒಂದೇ ಡಬ್ಬಿಯಲ್ಲಿ ಕಲಸಿಹೋಗಿರುತ್ತಿದ್ದವು.

ನಾನು ಅದೇ ಮಿಲ್ಲಿನ ಉಗ್ರಾಣದಲ್ಲಿದ್ದವನು. ಒಂದು ಬೋಲ್ಟು ಕೂಡ ಚೀಟಿಯಿಲ್ಲದೆ ಕಪಾಟಿನಲ್ಲಿ ಕೂರಬಾರದು ಎಂಬುದು ನನ್ನ ಶಿಸ್ತು. ನಿವೃತ್ತಿಯ ನಂತರ ದಿನವೂ ಹತ್ತು ಗಂಟೆಗೆ ಸರಿಯಾಗಿ ಆ ಅಂಗಡಿಯ ಸ್ಟೂಲಿನ ಮೇಲೆ ಪೇಪರು ಓದುತ್ತಿದ್ದೆ. "ಸಾಹೇಬ್ರು ಬಂದ್ರು, ಗಡಿಯಾರ ಸರಿ ಮಾಡ್ಕೊಳ್ರಿ" ಎಂದು ಆಪಾ ಗಿರಾಕಿಗಳಿಗೆ ಹೇಳಿ ನಗುತ್ತಿದ್ದರು. ಆ ಡಬ್ಬಿಯ ಅವ್ಯವಸ್ಥೆ ನನಗೆ ಸಹಿಸಲಾಗಲಿಲ್ಲ. ಮೂರು ಫೈಲು ತಂದು, ಹಾಳೆ ವಿಂಗಡಿಸಿ, ಚೀಟಿ ಅಂಟಿಸಿದೆ: ಮೂರರಿಂದ ಐದು ವರ್ಷ, ಆರರಿಂದ ಎಂಟು, ಒಂಬತ್ತರ ಮೇಲೆ. ಆಪಾ ನೋಡಿದರು. "ಚಂದ ಆಗೈತ್ರಿ" ಎಂದರು. ಅಷ್ಟೇ.

ಒಂದು ಭಾನುವಾರ ಆಪಾ ಚಹಾ ಮಾಡಲು ಒಳಗೆ ಹೋಗಿದ್ದಾಗ ಪೇಪರಿನ ಮರೆಯಲ್ಲಿ ನಾನು ಎಂದೂ ಗಮನಿಸಿರದ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ಮೊದಲ ಫೈಲಿನಿಂದ ಹಾಳೆ ಎಳೆದಳು.

"ಏ ತಂಗಿ, ಅದು ಮೂರು ವರ್ಷದವರದು. ನಿಂದು ಆ ಕಡೆ ಐತಿ. ಓದಾಕ ಬರ್ತೈತಿಲ್ಲೋ?" ಎಂದೆ.

ಅಲ್ಲಿದ್ದ ಇಬ್ಬರು ಹುಡುಗರು "ಕೂಸು ಬಂತು ಕೂಸು!" ಎಂದು ಕಿಸಕ್ಕನೆ ನಕ್ಕರು. ಹುಡುಗಿ ಹಾಳೆಯನ್ನು ಹಿಂದಕ್ಕಿಟ್ಟು, ಬಲಗೈಯನ್ನು ಫ್ರಾಕಿನ ಮಡಿಕೆಯಲ್ಲಿ ಅಡಗಿಸಿಕೊಂಡಳು. ಅದರ ಬೆರಳುಗಳು ಸೆಟೆದು ಒಳಕ್ಕೆ ಬಾಗಿದ್ದುದು ಆಗ ಕಾಣಿಸಿತು. ಅವಳು ಹೊರಟುಹೋದಳು.

ಮುಂದಿನ ಭಾನುವಾರ ಆಪಾ ಬಾಗಿಲ ಕಡೆಗೇ ನೋಡುತ್ತಿದ್ದರು. "ಕೋಗಿಲಬನದ ಹುಡುಗಿ ಎರಡು ವರ್ಷದಾಗ ಒಂದು ಐತವಾರನೂ ತಪ್ಪಿಸಿದಾಕಿ ಅಲ್ಲ. ಆ ಕೈಗೆ ಈ ಹಾಳಿಯೊಳಗ ಈಗೀಗ ಹಿಡಿತ ಬರಾಕತ್ತಿತ್ತು."

ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ.

"ನೀವು ವಯಸ್ಸು ಬರದ್ರಿ ಸಾಹೇಬ್ರ. ನಾನು ಕೈ ನೋಡಿ ಕೊಡ್ತಿದ್ದೆ."

ಫೈಲುಗಳನ್ನು ತೊಡೆಯ ಮೇಲಿಟ್ಟುಕೊಂಡು, ಗೆರೆಯಿಲ್ಲದ ಆ ಹೆಬ್ಬೆಟ್ಟಿನಿಂದ ಚೀಟಿಗಳನ್ನು ಒಂದೊಂದಾಗಿ ಉಜ್ಜಿ ತೆಗೆದರು. ಗೋಂದು ಗಟ್ಟಿಯಾಗಿತ್ತು, ಹೊತ್ತು ಹಿಡಿಯಿತು. ನಂತರ ಮೂರು ದಿನ ಕೂತು ದೊಡ್ಡ ಹಾಳೆಯಲ್ಲಿ ಹೊಸ ಚಿತ್ರ ಬರೆದರು. ಅದರಲ್ಲಿ ಮೇಲಂಗಿ, ಬಂಡೆ, ಮೋಡ ಎಲ್ಲ ಇದ್ದವು, ಗೆರೆ ಮಾತ್ರ ಬೆರಳಗಲ.

"ನಡೀರಿ, ಕೋಗಿಲಬನಕ್ಕ ಹೋಗೂಣು. ತಪ್ಪು ನಿಮ್ದು, ಆಟೋನೂ ನಿಮ್ದ."

ನಮ್ಮನ್ನು ಕಂಡು ಹುಡುಗಿ ಒಳಕೋಣೆ ಸೇರಿದಳು. ತಾಯಿ ಕರೆದರೂ ಬರಲಿಲ್ಲ. ಆಪಾ ಪಡಸಾಲೆಯಲ್ಲಿ ಕೂತು, ಹಾಳೆ ಹರವಿ, ಮೇಲಂಗಿಗೆ ಹಸಿರು ಬಣ್ಣ ತುಂಬತೊಡಗಿದರು. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು.

"ಅದು ಕೆಂಪ ಇರ್ತೈತಿ, ಆಪಾ!"

"ನನಗೇನ ಗೊತ್ತವ್ವ? ನಾನು ಟೀವಿ ನೋಡಂಗಿಲ್ಲ. ಎಲ್ಲಾ ಕೆಡಿಸಿಬಿಟ್ನೇನು?"

"ಕೆಡಿಸೀರಿ. ತರ್ರಿ ಇಲ್ಲೆ." ಹುಡುಗಿ ಬಂದು ಕ್ರೇಯಾನು ಕಸಿದುಕೊಂಡು, ಮುಷ್ಟಿಯಲ್ಲಿ ಹಿಡಿದು ಹಸಿರಿನ ಮೇಲೇ ಕೆಂಪು ಒತ್ತಿದಳು.

"ನನ್ನಿಂದ ತಪ್ಪಾತವ್ವ" ಎಂದೆ. ಅವಳು ನನ್ನನ್ನು ನೋಡಲಿಲ್ಲ.

"ಆಪಾ, ಈ ಅಜ್ಜಾಗ ಯಾವ ಫೈಲು?"

"ಇವ್ರಿಗೇನು? ಮೊದಲಿಂದನ ಚಾಲೂ ಮಾಡ್ಬೇಕು."

ಇಬ್ಬರೂ ನಕ್ಕರು. ನಾನೂ ನಕ್ಕೆ. ಮರುವಾರದಿಂದ ಹುಡುಗಿ ಮತ್ತೆ ಅಂಗಡಿಗೆ ಬಂದಳು.

ಆಪಾ ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಕೊನೆಯ ವಾರದವರೆಗೂ ಹಾಳೆ ಸವರುತ್ತಿದ್ದರು. ಈಗ ಅಂಗಡಿ ಮಗನದು. ಫೈಲುಗಳ ಧೂಳು ಒರೆಸಿ, ನನ್ನ ಕೈಗೆ ಪೆನ್ನು ಕೊಟ್ಟು, "ಅಂಕಲ್, ನಿಮ್ಮ ಅಕ್ಷರ ಚಂದ ಅದಾವ, ಚೀಟಿ ಬರದ ಹಚ್ಚಿಬಿಡ್ರಿ" ಎಂದ. ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದೆ.

ಹತ್ತಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಬಿಡುವಿದ್ದಾಗ ಹಾಳೆಯನ್ನು ಹೆಬ್ಬೆಟ್ಟಿನಿಂದ ಸವರಿ ನೋಡುತ್ತೇನೆ. ಎರಡೂ ಬದಿ ನನಗೆ ಒಂದೇ. ಭಾನುವಾರ ಕೋಗಿಲಬನದ ಹುಡುಗಿ ಬರುತ್ತಾಳೆ, ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ. ಚಳಿ ಇದ್ದ ದಿನ ಬೆರಳು ಹೆಚ್ಚು ಸೆಟೆಯುತ್ತವಂತೆ. ಯಾವ ಫೈಲಿಗೆ ಕೈ ಹಾಕುತ್ತಾಳೋ ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ಬೇಕೆಂದೇ ಮುಖ ತಿರುಗಿಸಿ ಗಡಿಯಾರ ನೋಡುತ್ತಿರುತ್ತೇನೆ.