ದಾರಿ ಕೊಡುತ್ತಿದ್ದ ಸಾಹೇಬರು

ನಮ್ಮ ಸಾಹೇಬರ ಅಂಗಿಗಳಿಗೆಲ್ಲ ಬಲತೋಳು ಬೇರೆಯಾಗಿರುತ್ತಿತ್ತು. ಭುಜದ ಹತ್ತಿರ ಮೂರು ಗುಂಡಿ. ಬಿಚ್ಚಿದರೆ ತೋಳು ಪೂರ್ತಿ ಕಳಚಿ ಬರಬೇಕು, ಹಾಗೆ ಗಡಹಿಂಗ್ಲಜದ ಸಿಂಪಿಗನಿಗೆ ಹೇಳಿ ಹೊಲಿಸುತ್ತಿದ್ದರು. ಅವರು ದನದ ಡಾಕ್ಟರು. ಆಕಳು ಎಮ್ಮೆಗಳ ಹೆರಿಗೆ ಕಷ್ಟವಾದಾಗ ಭುಜದ ತನಕ ಕೈ ಒಳಗೆ ಹಾಕಿ, ಅಡ್ಡ ತಿರುಗಿದ ಕರುವನ್ನು ಸರಿ ಮಾಡಿ ಹೊರಗೆ ತೆಗೆಯಬೇಕಾಗುತ್ತಿತ್ತು. ಪ್ರತಿಸಲ ಅಂಗಿ ಕಳಚಿ ಚಳಿಯಲ್ಲಿ ಬರಿಮೈಯಲ್ಲಿ ನಿಲ್ಲುವುದು ಬೇಡವೆಂದು ಈ ಏರ್ಪಾಡು. ಸಾಬೂನು, ಔಷಧದ ನೀರಿಗೆ ಸವೆದು ಆ ಕೈಯ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ಎಡಗೈ ಮಾತ್ರ ಎಲ್ಲರ ಕೈಯಂತೆ ಕಪ್ಪಗೆ, ಕೂದಲು ತುಂಬಿಕೊಂಡಿತ್ತು. ಎರಡೂ ಒಬ್ಬರದೇ ಕೈ ಅಂದರೆ ನಂಬುವ ಹಾಗಿರಲಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಗಡಹಿಂಗ್ಲಜದ ದನದ ದವಾಖಾನೆಗೆ ವರ್ಗವಾಗಿ ಬಂದರು. ನಾನು ಅಲ್ಲಿ ಕಂಪೌಂಡರ್. ಮೂವತ್ತು ದಾಟಿತ್ತು, ಎರಡು ಮಕ್ಕಳಿದ್ದವು, ಆದರೂ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುತ್ತಿದ್ದೆ. ಸಾಹೇಬರದು ಇಚಲಕರಂಜಿಯ ಜೈನ ಒಕ್ಕಲು ಮನೆತನ. ಅಣ್ಣ ಅಲ್ಲಿ ಹೊಲದ ಜೊತೆಗೆ ನಾಲ್ಕು ಮಗ್ಗ ಹಾಕಿಕೊಂಡಿದ್ದರು. ಸಾಹೇಬರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇರುವೆಯನ್ನೂ ನೋಡಿ ಕಾಲಿಡುವ ಮನೆತನದವರು ರಕ್ತದಲ್ಲಿ ಕೈ ಅದ್ದುವ ಈ ಕೆಲಸ ಯಾಕೆ ಹಿಡಿದಿರೆಂದು ಒಮ್ಮೆ ಕೇಳಿದ್ದೆ. “ಬಾಯಿಲ್ಲದ ಜೀವಕ್ಕ ನೋವಾದ್ರ ಅದು ಯಾರ ಮುಂದ ಹೇಳ್ಬೇಕೋ?” ಎಂದು ಅವರು ಸೂಜಿ ಕುದಿಸುವ ನೀರಿನ ಕಡೆ ತಿರುಗಿಬಿಟ್ಟರು. ಯಾವಾಗಲೂ ದಣಿದಂತೆ ಕಾಣುತ್ತಿದ್ದರು. ಬೆಳಿಗ್ಗೆ ಎದ್ದು ಬಂದಾಗಲೂ ನಾಲ್ಕು ಹಳ್ಳಿ ಸುತ್ತಿ ಬಂದವರ ಮುಖ.

ಅವರ ಹತ್ತಿರ ಒಂದು ಮೋಟರ್ ಸೈಕಲ್ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವು ಕೂಗಿ ಮಾರಿದ ಹಳೇ ಗಾಡಿ. ಜನರ ಬಾಯಲ್ಲಿ ಅದು ಫಟಫಟಿ. ನೇಸರಿಯ ಕಡೆಯ ಹಳ್ಳಿಗಳ ಹೆಂಗಸರು ಅದರ ಸದ್ದು ಕೇಳಿಯೇ ನೀರು ಕಾಯಿಸಲು ಇಡುತ್ತಿದ್ದರು. ಸದ್ದು ಹಾಗಿದ್ದುದರಿಂದ ಹಿಂದೆ ಯಾವ ಗಾಡಿ ಬಂತೆಂದು ನಡೆಸುವವರಿಗೆ ತಿಳಿಯುತ್ತಿರಲಿಲ್ಲ. ಹಿಂದಿನದನ್ನು ತೋರಿಸುವ ಕನ್ನಡಿಯೂ ಅದಕ್ಕಿರಲಿಲ್ಲ. ಅದಕ್ಕೆ ನಾನು ಜೊತೆಗೆ ಹೊರಟ ಮೊದಲ ದಿನವೇ ಒಂದು ಕರಾರಾಯಿತು. “ಮುಂದಿನ ಕಣ್ಣ ನಂದು, ಹಿಂದಿನ ಕಣ್ಣ ನಿಂದು,” ಎಂದರು. ಹಿಂದೆ ಗಾಡಿ ಬಂದರೆ ನಾನು ಅವರ ಭುಜವನ್ನು ಒಮ್ಮೆ ತಟ್ಟಬೇಕು. ಮೈಮೇಲೆ ಬರುವಷ್ಟು ಹತ್ತಿರವಾದರೆ ಎರಡು ಸಲ ತಟ್ಟಬೇಕು. ಈ ಕರಾರನ್ನು ಅವರು ಇಚಲಕರಂಜಿಯ ಮನೆಯಲ್ಲೂ ನಗುತ್ತ ಹೇಳಿದ್ದರಂತೆ.

ಎರಡು ಸಲ ತಟ್ಟುವ ಪ್ರಸಂಗ ದಿನಕ್ಕೆ ಐದಾರು ಬಾರಿಯಾದರೂ ಬರುತ್ತಿತ್ತು. ನಮ್ಮ ಭಾಗದ ಬೆಲ್ಲವೆಲ್ಲ ಟ್ರಕ್ಕಿನಲ್ಲಿ ಕೊಲ್ಹಾಪುರದ ಪೇಟೆಗೆ ಹೋಗುತ್ತಿತ್ತು. ಅಲ್ಲಿ ಹರಾಜಿನ ಸವಾಲು ಕೂಗುವ ಮೊದಲು ಮುಟ್ಟಬೇಕೆಂದು ಡ್ರೈವರುಗಳು ಜೀವ ಕೈಯಲ್ಲಿ ಹಿಡಿದು ಓಡಿಸುತ್ತಿದ್ದರು. ಖಾಲಿಯಾಗಿ ತಿರುಗಿ ಬರುವಾಗಲಂತೂ ಕೇಳುವುದೇ ಬೇಡ. ರಸ್ತೆ ಎಂದರೆ ಒಂದು ಗಾಡಿಗೆ ಸಾಕಾಗುವಷ್ಟು ಡಾಂಬರು, ಎರಡೂ ಬದಿಗೆ ಮೊಣಕಾಲುದ್ದ ಧೂಳು. ಹಿಂದೆ ಬಂದವನು ಹಾರ್ನ್ ಒತ್ತುತ್ತ ನಮಗೆ ಅಂಟಿಕೊಂಡೇ ಬರುತ್ತಿದ್ದ. ಇಂಜಿನ್ನಿನ ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು. ಮುಂದೆ ಕೂತವರಿಗೇನು, ಡಿಕ್ಕಿಯಾದರೆ ಮೊದಲು ಹೋಗುವವನು ನಾನು. ಹಿಂದೆ ತಿರುಗಿ, “ಅರೇ, ಅಂಗಾವರ ಘಾಲತೋಸ ಕಾಯ?” ಎಂದು ಮರಾಠಿಯಲ್ಲಿ ಕೂಗಿಕೊಳ್ಳುತ್ತಿದ್ದೆ. ಮೈಮೇಲೇ ಹತ್ತಿಸ್ತೀಯೇನೋ ಅಂತ. ಅವನಿಗೆ ಅದೆಲ್ಲಿ ಕೇಳಬೇಕು.

ಸಾಹೇಬರ ರೀತಿಯೇ ಬೇರೆ. ಎರಡು ಸಲ ತಟ್ಟಿದ ಕೂಡಲೆ ವೇಗ ಹೆಚ್ಚಿಸುತ್ತಿರಲಿಲ್ಲ, ಬ್ರೇಕನ್ನೂ ಒತ್ತುತ್ತಿರಲಿಲ್ಲ. ಮೆಲ್ಲಗೆ ವೇಗ ಇಳಿಸಿ, ಎಡಕ್ಕೆ ಸರಿದು, ಕೈ ಎತ್ತಿ “ಜಾ ಬಾಬಾ, ಪುಢೇ ಜಾ” ಎಂದು, ಮುಂದೆ ಹೋಗಪ್ಪ ಅನ್ನುತ್ತ, ದಾರಿ ತೋರಿಸುತ್ತಿದ್ದರು. ಟ್ರಕ್ಕು ಹೋದ ಮೇಲೆ ಗಾಡಿ ನಿಲ್ಲಿಸಿ, ಧೂಳು ಕೂರುವ ತನಕ ಕಾಲೂರಿ ನಿಲ್ಲುತ್ತಿದ್ದರು. ನಾನು ಹಲ್ಲು ಕಡಿಯುತ್ತ ಕೂತಿದ್ದರೆ ಹೇಳುತ್ತಿದ್ದರು: “ನಾವು ಓಡಿದ್ರ ಅಂವಾ ಇನ್ನೂ ಹತ್ರ ಬರ್ತಾನ. ಗಪ್ಪನೆ ನಿಂತ್ರ ನಮ್ಮ ಮ್ಯಾಲ ಹತ್ತತಾನ. ಸಾವಕಾಶ ಆಗಿ ಬಾಜೂಕ ಸರೀಬೇಕು. ಅವಸರ ಅವಂದು, ಅವನ ಇಟ್ಕೊಳ್ಳಲಿ.” ದಿನಕ್ಕೆ ಐದು ಸಲ ಹೀಗೆ ಧೂಳು ತಿಂದು ನಿಲ್ಲುವುದು ನನಗೆ ಸಾಕುಸಾಕಾಗಿತ್ತು. ಸಾಹೇಬರು ಒಳ್ಳೆಯವರು, ಆದರೆ ಎದೆಗಾರಿಕೆ ಇಲ್ಲ ಎಂದು ಮನಸ್ಸಿನಲ್ಲಿ ಬರೆದಿಟ್ಟುಬಿಟ್ಟಿದ್ದೆ.

ಒಂದು ದಿನ ನೇಸರಿಯ ಆಚೆಗಿನ ಹಳ್ಳಿಯಿಂದ ಕರೆ ಬಂತು. ಒಬ್ಬ ಮುದುಕಿಯ ಎಮ್ಮೆ ಬೆಳಗಿನಿಂದ ತಿಣುಕುತ್ತಿದೆ, ಕರುವಿನ ಒಂದೇ ಕಾಲು ಹೊರಗೆ ಕಾಣುತ್ತಿದೆ. ಆಕೆಗೆ ಇದ್ದದ್ದು ಅದೊಂದೇ ಎಮ್ಮೆ. ಕೂಡಲೇ ಹೊರಟೆವು. ದಾರಿಯಲ್ಲಿ ಬೆಲ್ಲ ತರಲು ಹೊರಟ ಮೂರು ಖಾಲಿ ಟ್ರಕ್ಕುಗಳು ಒಂದರ ಹಿಂದೊಂದು ನಮ್ಮ ಬೆನ್ನಿಗೆ ಬಿದ್ದವು. ಸಾಹೇಬರು ಮೂರಕ್ಕೂ ದಾರಿ ಕೊಟ್ಟರು, ಮೂರರ ಧೂಳಿಗೂ ನಿಂತರು. ನಾವು ಮುಟ್ಟಿದಾಗ ಎಮ್ಮೆ ಕಾಲು ಚಾಚಿತ್ತು, ಮೈ ಇನ್ನೂ ಬೆಚ್ಚಗಿತ್ತು. ಮುದುಕಿ ಅಳಲಿಲ್ಲ. “ತುಸು ಮೊದಲ ಬಂದಿದ್ರ ಆಗ್ತಿತ್ತರಿ ಡಾಕ್ಟರ,” ಎಂದಳು ಅಷ್ಟೇ. ಸಾಹೇಬರು ಕರುವಾದರೂ ಉಳಿದಿದೆಯೇನೋ ಎಂದು ಕೈ ಹಾಕಿ ನೋಡಿದರು. ಅದೂ ಹೋಗಿತ್ತು.

ಊರ ಹೊರಗೆ ಹಳ್ಳದಲ್ಲಿ ಅವರು ಕೈ ತೊಳೆದುಕೊಳ್ಳುವಾಗ ನನ್ನ ಬಾಯಿ ತಡೆಯಲಿಲ್ಲ. “ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನೀವು ಭಾಳ ಹೆದರಪುಕ್ಕ ಅದೀರಿ. ಮೂರ ಟ್ರಕ್ಕಿಗೆ ದಾರಿ ಕೊಟ್ರಿ, ಆ ಮುದುಕಿ ಎಮ್ಮಿ ಹೋತು.”

ಮೇಲಧಿಕಾರಿಗೆ ಹೀಗೆ ಅನ್ನುವ ಕಾಲ ಅದಲ್ಲ. ಬೇರೆಯವರಾಗಿದ್ದರೆ ಅಂದೇ ನನ್ನ ಮೇಲೆ ಕಾಗದ ಬರೆಯುತ್ತಿದ್ದರು. ಸಾಹೇಬರು ಕೈ ಒರೆಸಿಕೊಂಡು ಅಂಗಿಯ ಗುಂಡಿ ಹಾಕಿಕೊಂಡರು. ಮೂರನೆಯ ಗುಂಡಿ ಎಡಗೈಗೆ ಸಿಗದಿದ್ದಾಗ ಯಾವಾಗಲೂ ನಾನೇ ಹಾಕುತ್ತಿದ್ದೆ, ಅಂದು ಹಾಕಲಿಲ್ಲ. “ಗಾಡಿ ಹತ್ತು,” ಎಂದರು.

ಇದಾಗಿ ಹತ್ತು ಹನ್ನೆರಡು ದಿನಕ್ಕೆ ಹಳ್ಳಿಗಳಲ್ಲಿ ದನಗಳನ್ನು ಸಾಲುಸಾಲಾಗಿ ಕೊಲ್ಲುವ ದೊಡ್ಡರೋಗ ಬಂದಿದೆಯೆಂಬ ಸುದ್ದಿ ಬಂತು. ಲಸಿಕೆ ತರಲು ಇಬ್ಬರೂ ಕೊಲ್ಹಾಪುರಕ್ಕೆ ಹೋದೆವು. ತಿರುಗಿ ಬರುವಾಗ ಬರ್ಫದಲ್ಲಿ ಲಸಿಕೆ ಇಟ್ಟ ಡಬ್ಬಿ ನನ್ನ ತೊಡೆಯ ಮೇಲಿತ್ತು. ಬಿಸಿಲು ಏರುತ್ತಿತ್ತು. ಬರ್ಫ ಕರಗಿದರೆ ಲಸಿಕೆ ಕೆಡುತ್ತದೆ. ಗೋಕುಳ ಶಿರಗಾಂವ ದಾಟುವ ಹೊತ್ತಿಗೇ ಡಬ್ಬಿಯಿಂದ ನೀರು ಸೋರಿ ನನ್ನ ಧೋತರ ತೊಯ್ದಿತ್ತು. ಕಾಗಲ್ ಹಿಂದೆ ಬಿದ್ದ ಮೇಲೆ ಒಂದು ಖಾಲಿ ಟ್ರಕ್ಕು ಬೆನ್ನಿಗೆ ಬಿತ್ತು. ಬಂದು ಬಂದು ನಮ್ಮಿಂದ ಒಂದು ಮಾರು ದೂರಕ್ಕೆ ಬಂತು.

ನನ್ನ ಕೈ ಎದ್ದಿತು. ಮತ್ತೆ ಡಬ್ಬಿಯ ಮೇಲೆಯೇ ಇಳಿಯಿತು. ತಟ್ಟಿದರೆ ಇವರು ಸರಿಯುತ್ತಾರೆ, ನಿಲ್ಲುತ್ತಾರೆ, ಧೂಳು ಕೂರಲಿ ಅನ್ನುತ್ತಾರೆ, ಅಷ್ಟರಲ್ಲಿ ಇದು ಬರೀ ನೀರಾಗುತ್ತದೆ. ಇವತ್ತೊಂದು ದಿನ ಇವರಿಗೆ ತಿಳಿಯುವುದೇ ಬೇಡ ಎಂದುಕೊಂಡೆ. ಟ್ರಕ್ಕಿನವನು ಎರಡು ಸಲ ಹಾರ್ನ್ ಹೊಡೆದ. ಸಾಹೇಬರು ಸರಿಯಲಿಲ್ಲ. ಫಟಫಟಿಯ ಸದ್ದಿನಲ್ಲಿ ಕೇಳಲಿಲ್ಲವೆಂದು ನಾನು ಒಳಗೊಳಗೇ ಖುಷಿಪಟ್ಟೆ. ಆಮೇಲೆ ಅವನು ಬಲಕ್ಕೆ ಎಳೆದು ನಮ್ಮನ್ನು ದಾಟಲು ಹೋದ. ಎದುರಿಗೆ ಎತ್ತಿನ ಚಕ್ಕಡಿ ಬಂತು, ತಿರುಗಿ ಎಡಕ್ಕೆ ಬಂದ. ಅವನ ಗಾಡಿಯ ಹಿಂಬದಿ ನಮ್ಮ ಹ್ಯಾಂಡಲಿಗೆ ತಾಗಿತು.

ನಾನು ಹಾರಿ ಮೆತ್ತಗಿನ ಧೂಳಿನಲ್ಲಿ ಬಿದ್ದೆ. ಮೊಣಕಾಲು ತರಚಿತು, ಬೇರೇನೂ ಆಗಲಿಲ್ಲ. ಸಾಹೇಬರು ಡಾಂಬರಿನ ಮೇಲೆ ಬಲಮಗ್ಗುಲಾಗಿ ಬಿದ್ದಿದ್ದರು, ಗಾಡಿ ಆ ಕೈಯ ಮೇಲಿತ್ತು. ಟ್ರಕ್ಕು ನಿಲ್ಲಲಿಲ್ಲ. ಚಕ್ಕಡಿಯವನೂ ನಾನೂ ಸೇರಿ ಗಾಡಿ ಎತ್ತಿದೆವು. ಮೊಣಕೈ ಇರಬೇಕಾದ ಕಡೆ ಇರಲಿಲ್ಲ. ಎಸ್‌ಟಿ ಬಸ್ಸು ಬಂತು, ಕಂಡಕ್ಟರ್ ಮುಂದಿನ ಸೀಟು ಖಾಲಿ ಮಾಡಿಸಿದ. ಕೊಲ್ಹಾಪುರಕ್ಕೆ ತಿರುಗಿ ಬಂದು ಆಸ್ಪತ್ರೆಗೆ ಸೇರಿಸಿದೆ. ಲಸಿಕೆ ರಸ್ತೆಯ ಮೇಲೆಯೇ ಹೋಯಿತು.

ಸಂಜೆ ಇಚಲಕರಂಜಿಯಿಂದ ಅವರ ಅಣ್ಣ ಬಂದರು. ಹಾಸಿಗೆಯ ಹತ್ತಿರ ನಿಂತು, “ಏನ್ರಿ ಕಂಪೌಂಡರ, ಹಿಂದ ನೀವು ಕುಂತಿದ್ರೆಲ್ಲಾ? ಭುಜ ತಟ್ಟಲಿಲ್ಲೇನು?” ಎಂದು ಕೇಳಿದರು.

“ತಟ್ಟಿದ್ನೆಲ್ರಿ. ಎರಡ ಸರತಿ ತಟ್ಟೀನಿ,” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಣ್ಣ ತಮ್ಮನ ಕಡೆ ತಿರುಗಿದರು. “ಮತ್ತ ನಿನ್ನ ಲಕ್ಷ್ಯ ಎಲ್ಲಿತ್ತೋ?” ಸಾಹೇಬರು ಕಣ್ಣು ಮುಚ್ಚಿಯೇ ಹೇಳಿದರು: “ಗಾಡಿ ಆವಾಜದಾಗ ತಿಳೀಲಿಲ್ಲಣ್ಣಾ.”

ಕೈ ಕೂಡಿತು, ಆದರೆ ಮೊಣಕೈ ಅರ್ಧ ಮಡಚಿಕೊಂಡೇ ಉಳಿಯಿತು. ಉಣ್ಣಲು ಬರುತ್ತಿತ್ತು, ಸಹಿ ಹಾಕಲು ಬರುತ್ತಿತ್ತು, ಎಮ್ಮೆಯ ಹೊಟ್ಟೆಯಲ್ಲಿ ಚಾಚಲು ಬರುತ್ತಿರಲಿಲ್ಲ. ಎಡಗೈಯಿಂದ ಎರಡು ಸಲ ಮಾಡಿ ನೋಡಿದರು, ಆಗಲಿಲ್ಲ. ಆಮೇಲೆ ಒಂದು ದಿನ ನೇಸರಿಯ ಒಂದು ಕೊಟ್ಟಿಗೆಯಲ್ಲಿ ನನಗೆ, “ಅಂಗಿ ಕಳಿ,” ಎಂದರು.

ತಾವು ಆಕಳ ತಲೆಯ ಹತ್ತಿರ ನಿಂತು ಅದರ ಕುತ್ತಿಗೆ ಸವರುತ್ತ ನನಗೆ ಹೇಳಿಕೊಟ್ಟರು. “ಏನ ಸಿಗತೈತಿ?” “ಕಾಲ ಸಿಗತೈತ್ರಿ.” “ಮುಂದಿಂದೋ ಹಿಂದಿಂದೋ? ಮಣಕಾಲ ಹುಡಕು. ಕಣ್ಣ ಮುಚ್ಚಿಕೋ, ಒಳಗ ಕಣ್ಣಿಗೆ ಕೆಲಸಿಲ್ಲ. ಅವಸರ ಮಾಡಬ್ಯಾಡ, ಅದು ಮುಕ್ಕರಿದಾಗ ಎಳಿ, ಸುಮ್ಮನಾದಾಗ ನೀನೂ ಸುಮ್ಮನಾಗು.” ಕರು ಜೀವಂತ ಬಂತು. ಅವರು ಮಗುವಿನ ಹಾಗೆ ನಕ್ಕರು. ಅದಾದ ಮೇಲೆ ಎರಡು ವರ್ಷ ಅವರ ಬಾಯಿ, ನನ್ನ ಕೈ. ರೈತರು ನನ್ನನ್ನೇ ಡಾಕ್ಟರ ಎಂದು ಕರೆಯತೊಡಗಿದರು. ಸಾಹೇಬರಿಗೆ ಅದು ಭಾರಿ ತಮಾಷೆ, ಅವರೂ ಹಾಗೆಯೇ ಕರೆಯುತ್ತಿದ್ದರು. ನಾನು ಅವತ್ತು ತಟ್ಟಲಿಲ್ಲವೆಂದು ಹೇಳಿಬಿಡಲು ಎಷ್ಟೋ ಸಲ ಬಾಯಿ ತೆರೆದೆ, ಧೈರ್ಯ ಸಾಲಲಿಲ್ಲ. ಹೆದರಪುಕ್ಕ ಯಾರೆಂದು ಆಗ ನನಗೆ ಚೆನ್ನಾಗಿ ಗೊತ್ತಾಯಿತು.

ಆಮೇಲೆ ಅವರು ಅವಧಿಗೆ ಮೊದಲೇ ನೌಕರಿ ಬಿಟ್ಟು ಇಚಲಕರಂಜಿಗೆ ಹೋದರು. ನಾನು ಎಸ್‌ಟಿ ಬಸ್ಸಿನಲ್ಲಿ ಹಳ್ಳಿ ತಿರುಗುತ್ತ ವರ್ಷ ಕಳೆದೆ. ಅರವತ್ತರ ದಶಕ ಮುಗಿಯುತ್ತ ಬಂದಾಗ ಅವರಿಗೆ ಎದೆಯ ಬೇನೆ ಜೋರಾಗಿದೆ ಎಂದು ಕಾಗದ ಬಂತು. ಹೋದೆ. ಮಗ್ಗದ ಸದ್ದು ಗೋಡೆಯಾಚೆಯಿಂದ ಒಂದೇ ಸಮನೆ ಬರುತ್ತಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

“ಸಾಹೇಬ್ರ, ಅವತ್ತ ನಾ ಭುಜ ತಟ್ಟಿದ್ದಿಲ್ಲರಿ,” ಎಂದೆ.

“ಗೊತ್ತೈತಿ.”

“ಬೇಕಂತನ ತಟ್ಟಲಿಲ್ಲರಿ.”

“ಅದೂ ಗೊತ್ತೈತಿ.” ಉಸಿರು ಸಾಲದೆ ದಿಂಬಿಗೆ ಒರಗಿಕೊಂಡರು. “ಅಂವಾ ಅಷ್ಟ ಹತ್ರ ಬಂದು ಎರಡ ಸರತಿ ಹಾರ್ನ್ ಹೊಡದ. ನಾ ಏನ ಕಿವುಡೇನೋ? ಕೇಳಿತ್ತು. ನಾನ ಸರೀಲಿಲ್ಲ. ನೀ ಅಂದಿದ್ದು ತಲ್ಯಾಗ ಕುಂತಿತ್ತು. ಹಿಂದ ಕುಂತಾಂವ ನನ್ನ ಹೆದರಪುಕ್ಕ ಅಂತಾನ, ಇವತ್ತೊಂದ ದಿನ ತೋರಸೋಣು ಅನಿಸ್ತು. ಅಷ್ಟ ವಯಸ್ಸಾದ ಮನಶ್ಯಾಗ ಹಂಗ ಅನಿಸಬಾರದಿತ್ತು.”

ಒಂದು ಭಾರ ಇಳಿಸಿ ಹೋಗೋಣವೆಂದು ಬಂದಿದ್ದೆ. ಅದರ ಮೇಲೆ ಇನ್ನೊಂದು ಬಂದು ಕೂತಿತು. ನಾನು ಅತ್ತೆ. ಅವರು, “ಈ ಸಲ ಯಾರ್ಯಾರ ಎಮ್ಮಿ ಈದುವು, ಹೇಳು,” ಎಂದರು. ಹೇಳಿದೆ. ಕೇಳುತ್ತಲೇ ಕಣ್ಣು ಮುಚ್ಚಿ ನಿದ್ದೆಹೋದರು. ಹದಿನೈದು ದಿನಕ್ಕೆ ತೀರಿಕೊಂಡರೆಂದು ಸುದ್ದಿ ಬಂತು.

ಸೂತಕ ಕಳೆದ ಮೇಲೆ ಮಾತಾಡಿಸಿ ಬರಲು ಹೋದೆ. ಅಣ್ಣ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಬಹಳ ಸೊರಗಿದ್ದರು. “ನೀವು ತಟ್ಟಿದ್ರೂ ಇಂವಾ ಲಕ್ಷ್ಯ ಕೊಡಲಿಲ್ಲ,” ಎಂದರು. “ಅದನ್ನ ಎಷ್ಟ ವರ್ಷ ಎತ್ತಿ ಆಡೀನಿ ಅಂತೀರಿ. ಉಣ್ಣೂವಾಗ ಆ ಕೈ ಕಣ್ಣಿಗೆ ಬಿದ್ರ ಸಾಕು, ಬೈತಿದ್ದೆ. ಒಂದ ದಿನಾನೂ ತಿರುಗಿ ಮಾತಾಡ್ಲಿಲ್ಲ.”

“ತಟ್ಟಿದ್ದಿಲ್ಲರಿ,” ಎಂದೆ. “ಅವತ್ತ ನಿಮ್ಮ ಮುಂದ ಸುಳ್ಳ ಹೇಳಿದ್ದೆ. ಅವರನ್ನ ಹೆದರಪುಕ್ಕ ಅಂದಾಂವನೂ ನಾನ. ಆ ಮಾತಿಗೇ ಅವರು ದಾರಿ ಬಿಡಲಿಲ್ಲರಿ.”

ಅಣ್ಣ ನನ್ನ ಮುಖವನ್ನೇ ನೋಡಿದರು. ಬಯ್ಯಲಿ, ಎದ್ದು ಒಂದು ಏಟು ಹಾಕಲಿ ಎಂದು ಕಾದೆ. ತಮ್ಮನನ್ನು ಸುಮ್ಮನೆ ಬೈದ ಅಷ್ಟೂ ವರ್ಷಗಳನ್ನು ಅವರು ನೆನೆಯುತ್ತಿದ್ದರೆಂದು ಕಾಣುತ್ತದೆ. ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಉಣ್ಣುವುದಿಲ್ಲ. ಬಿಸಿಲು ಆಗಲೇ ಅಂಗಳ ಬಿಟ್ಟು ಗೋಡೆ ಹತ್ತಿತ್ತು. ಅವರು ಧೋತರದ ತುದಿಯಿಂದ ಕಣ್ಣೊರೆಸಿಕೊಂಡು ಎದ್ದರು.

“ಕೈಕಾಲ ತೊಳಕೋರಿ. ಹೊತ್ತ ಮುಳಗತೈತಿ, ಉಣ್ರಿ ಮೊದಲ.”

ತಮ್ಮ ಪಕ್ಕದಲ್ಲೇ ಮಣೆ ಹಾಕಿಸಿದರು. ರೊಟ್ಟಿಯನ್ನು ತಾವೇ ಮುರಿದು ನನ್ನ ತಾಟಿಗೆ ಹಾಕಿದರು. ಅದನ್ನು ಉಣ್ಣುವ ಯೋಗ್ಯತೆ ನನಗಿರಲಿಲ್ಲ, ಬಿಟ್ಟು ಏಳುವ ಯೋಗ್ಯತೆಯೂ ಇರಲಿಲ್ಲ. ಹಾಕಿದ್ದಷ್ಟನ್ನೂ ಉಂಡೆ.